ಗುಜರಿಯಲ್ಲಿ ಸಿಕ್ಕ ಹಳೇ ಕಾಯಿನ್ ಫೋನ್ ಮನೆಯಲ್ಲಿ ಮತ್ತೆ ಟ್ರಿಣ್ ಎನ್ನಬೇಕೆ? ಕೊಳ್ಳುವ ಮೊದಲೇ ಇದನ್ನು ತಿಳಿದಿರಿ

ಮುಂಬೈಯ ಚೋರ್ ಬಜಾರಿನ ಮಟನ್ ಸ್ಟ್ರೀಟ್‌ನಲ್ಲಿ ಹಳೇ ಗ್ರಾಮೋಫೋನು, ಹಡಗಿನ ದೀಪಗಳ ನಡುವೆ ಒಮ್ಮೊಮ್ಮೆ ಕಪ್ಪು ಬಣ್ಣದ ಭಾರದ ಪೆಟ್ಟಿಗೆಯೊಂದು ಕಣ್ಣಿಗೆ ಬೀಳುತ್ತದೆ. ಮುಂದೆ ಬೆರಳು ಹಾಕಿ ತಿರುಗಿಸುವ ಡಯಲ್, ಮೇಲೆ ನಾಣ್ಯ ಹಾಕುವ ಕಿಂಡಿ, ಪಕ್ಕದಲ್ಲಿ ತೂಗುವ ರಿಸೀವರ್. ಡಯಲ್ ತಿರುಗಿಸಿ ಬಿಟ್ಟರೆ ಕರ್‌ರ್ ಎಂದು ಹಿಂದಕ್ಕೆ ಬರುತ್ತದೆ. ಅಷ್ಟು ಸಾಕು, ಚೌಕಾಸಿ ಶುರುವಾಗುತ್ತದೆ.

ಮನೆಗೆ ತಂದ ಮೇಲೆ ಕಥೆ ಬೇರೆ. ಲೈನಿಗೆ ಸಿಕ್ಕಿಸಿದರೆ ಡಯಲ್ ಟೋನ್ ಬರುತ್ತದೆ. ಮೊಬೈಲಿನಿಂದ ಕರೆ ಮಾಡಿದರೆ ಗಂಟೆಯೂ ಹೊಡೆಯಬಹುದು, ಮಾತೂ ಕೇಳಬಹುದು. ಆದರೆ ಇಲ್ಲಿಂದ ನಂಬರ್ ತಿರುಗಿಸಿದರೆ ಏನೂ ಆಗುವುದಿಲ್ಲ, ಡಯಲ್ ಟೋನ್ ಗುಂಯ್ ಎನ್ನುತ್ತಲೇ ಇರುತ್ತದೆ. ಫೋನ್ ಕೆಟ್ಟಿದೆ ಎಂದುಕೊಂಡು ಅದನ್ನು ಬಿಚ್ಚಿ, ಒಳಗಿನದೆಲ್ಲ ಕಿತ್ತು ಮೂಲೆಗೆ ಎಸೆದವರು ಕಡಿಮೆಯಿಲ್ಲ. ಹಲವು ಸಲ ದೋಷ ಫೋನಿನದಲ್ಲ, ಮನೆಗೆ ಬಂದಿರುವ ಲೈನಿನದು. ಐವತ್ತು ಅರವತ್ತು ವರ್ಷ ಉಳಿದು ಬಂದ ಯಂತ್ರವೊಂದು ಈ ಒಂದು ತಪ್ಪು ತಿಳಿವಳಿಕೆಯಿಂದ ಒಂದೇ ಸಂಜೆಯಲ್ಲಿ ಹಾಳಾಗುತ್ತದೆ.

ಡಯಲ್ ಒಳಗೆ ನಡೆಯುವುದೇನು?

ತಿರುಗಿಸುವ ಡಯಲ್ ಅಂಕಿಗಳನ್ನು ಕಳಿಸುವುದಿಲ್ಲ, ಲೈನನ್ನು ಕತ್ತರಿಸುತ್ತದೆ. ರಿಸೀವರ್ ಎತ್ತಿದಾಗ ಎಕ್ಸ್‌ಚೇಂಜಿನಿಂದ ಸಣ್ಣ ಪ್ರಮಾಣದ ವಿದ್ಯುತ್ ಫೋನಿನೊಳಗೆ ಹರಿಯಲು ತೊಡಗುತ್ತದೆ. ಬೆರಳಿನಿಂದ ಡಯಲ್ ಎಳೆದಾಗ ಒಳಗಿನ ಸ್ಪ್ರಿಂಗ್ ಸುತ್ತಿಕೊಳ್ಳುತ್ತದೆ. ಬಿಟ್ಟಾಗ ಡಯಲ್ ವಾಪಸು ಬರುತ್ತಾ ಈ ಹರಿವನ್ನು ಎಣಿಸಿಕೊಂಡಂತೆ ಕಡಿಯುತ್ತದೆ. 1ಕ್ಕೆ ಒಂದು ಸಲ, 5ಕ್ಕೆ ಐದು ಸಲ, 0 ಹಾಕಿದರೆ ಹತ್ತು ಸಲ. ಎಕ್ಸ್‌ಚೇಂಜ್ ಈ ಕಡಿತಗಳನ್ನು ಎಣಿಸಿ ನಂಬರನ್ನು ಗುರುತಿಸುತ್ತದೆ. ಇದಕ್ಕೇ ಪಲ್ಸ್ ಡಯಲಿಂಗ್ ಎನ್ನುವುದು.

ಸೆಕೆಂಡಿಗೆ ಹತ್ತು ಪಲ್ಸ್ ಎಂಬುದು ಇದರ ಲೆಕ್ಕ. ವೇಗ ತಪ್ಪದಂತೆ ನೋಡಿಕೊಳ್ಳುವುದು ಡಯಲ್ ಹಿಂದಿರುವ ಪುಟ್ಟ ಗವರ್ನರ್. ಆ ಕರ್‌ರ್ ಸದ್ದು ಅದರದ್ದೇ. ಪಲ್ಸ್ ಹೋಗುವಾಗ ಕಿವಿಗೆ ಟಕಟಕ ಬಡಿಯದಂತೆ ರಿಸೀವರನ್ನು ತಾತ್ಕಾಲಿಕವಾಗಿ ಮೌನಗೊಳಿಸುವ ಇನ್ನೊಂದು ಜೋಡಿ ಕಾಂಟ್ಯಾಕ್ಟ್ ಕೂಡ ಅಲ್ಲೇ ಇರುತ್ತದೆ.

2021ರ ಜನವರಿ 15ರಿಂದ ಭಾರತದಲ್ಲಿ ಲ್ಯಾಂಡ್‌ಲೈನಿನಿಂದ ಮೊಬೈಲಿಗೆ ಕರೆ ಮಾಡುವಾಗ ಮೊದಲು 0 ಸೇರಿಸಬೇಕು. ಹಾಗಾಗಿ ಒಟ್ಟು 11 ಅಂಕಿ. ಡಯಲಿನಲ್ಲಿ ಅತಿ ಹೆಚ್ಚು ಹೊತ್ತು ತೆಗೆದುಕೊಳ್ಳುವ ಅಂಕಿಯೇ ಈ 0. ನಮ್ಮ ಮೊಬೈಲ್ ನಂಬರುಗಳೋ 6ರಿಂದ 9ರ ಒಳಗೇ ಶುರುವಾಗುತ್ತವೆ. ಊರಿನ ಅಮ್ಮನ ಮೊಬೈಲಿಗೆ ಒಮ್ಮೆ ಡಯಲ್ ಮಾಡಲು ಇಪ್ಪತ್ತು ಸೆಕೆಂಡಿನ ಆಸುಪಾಸು ಬೇಕು. ನಡುವೆ ಒಂದು ಅಂಕಿ ತಪ್ಪಿದರೆ ಮತ್ತೆ ಮೊದಲಿನಿಂದ.

ಯಾವ ಫೋನು ಸಿಕ್ಕಿದೆ?

ಹಳೇ ಸಾಮಾನಿನ ಅಂಗಡಿಗಳಲ್ಲಿ ಕಾಯಿನ್ ಫೋನ್ ಎಂದು ಮಾರುವ ವಸ್ತುಗಳೆಲ್ಲ ಒಂದೇ ಜಾತಿಯವಲ್ಲ. ಒಳಗಿನ ಕೆಲಸವೂ ಒಂದೇ ರೀತಿಯದಲ್ಲ.

ಅಮೆರಿಕದ ಮೂರು ಕಿಂಡಿಯ ಫೋನ್ ಸಂಗ್ರಹಕಾರರ ಅಚ್ಚುಮೆಚ್ಚು. 5, 10 ಮತ್ತು 25 ಸೆಂಟಿನ ನಾಣ್ಯಗಳಿಗೆ ಬೇರೆ ಬೇರೆ ಕಿಂಡಿ. ನಾಣ್ಯ ಬಿದ್ದಾಗ ಒಳಗೆ ಗಂಟೆ ಬಾರಿಸುತ್ತದೆ: 5 ಸೆಂಟಿಗೆ ಒಂದು ಟಿಂಗ್, 10 ಸೆಂಟಿಗೆ ಎರಡು ಟಿಂಗ್, 25ಕ್ಕೆ ಒಂದು ಗಂಭೀರ ಡಾಂಗ್. ದೂರದ ಕರೆಗೆ ಎಷ್ಟು ದುಡ್ಡು ಹಾಕಿದರೆಂದು ಆಪರೇಟರ್ ಈ ಸದ್ದು ಕೇಳಿಯೇ ಲೆಕ್ಕ ಹಾಕುತ್ತಿದ್ದರು. ನಾಣ್ಯ ನೇರ ತಿಜೋರಿಗೆ ಹೋಗುವುದಿಲ್ಲ, ನಡುವಿನ ಬಟ್ಟಲಿನಲ್ಲಿ ಕಾಯುತ್ತದೆ. ಕರೆ ಸಿಕ್ಕರೆ ಎಕ್ಸ್‌ಚೇಂಜ್ ಸುಮಾರು 130 ವೋಲ್ಟ್ ಕಳಿಸಿ ನಾಣ್ಯವನ್ನು ತಿಜೋರಿಗೆ ಬೀಳಿಸುತ್ತಿತ್ತು. ಸಿಗದಿದ್ದರೆ ಅದೇ ವೋಲ್ಟೇಜನ್ನು ತಿರುಗುಮುರುಗು ಮಾಡಿ ಕಳಿಸಿ ನಾಣ್ಯವನ್ನು ವಾಪಸು ಕೊಡಿಸುತ್ತಿತ್ತು.

ಬ್ರಿಟನ್ನಿನ ಎ-ಬಿ ಗುಂಡಿಯ ಪೆಟ್ಟಿಗೆ ಇನ್ನೊಂದು ಬಗೆ. 1925ರಲ್ಲಿ ಬಂದದ್ದು. ಮೊದಲು ಪೆನ್ನಿ ಹಾಕಬೇಕು, ಅವುಗಳ ಭಾರಕ್ಕೆ ಡಯಲ್ ಬಿಡುಗಡೆಯಾಗುತ್ತದೆ. ಆಚೆಯವರು ಹಲೋ ಎಂದ ಮೇಲೆ ಎ ಗುಂಡಿ ಒತ್ತಿದರೆ ನಾಣ್ಯ ಒಳಗೆ ಬೀಳುತ್ತದೆ, ಆಗಲೇ ನಮ್ಮ ಮಾತು ಅವರಿಗೆ ಕೇಳುವುದು. ಯಾರೂ ಎತ್ತದಿದ್ದರೆ ಬಿ ಒತ್ತಿ ದುಡ್ಡು ವಾಪಸು ಪಡೆಯಬಹುದು. ದಾರಿಯಲ್ಲಿ ಹೋಗುವ ಮಕ್ಕಳೆಲ್ಲ ಯಾರೋ ಮರೆತ ಕಾಸು ಸಿಕ್ಕೀತೆಂದು ಬಿ ಗುಂಡಿ ಒತ್ತಿಯೇ ಮುಂದೆ ಹೋಗುತ್ತಿದ್ದರು. ಮನೆಯಲ್ಲಿ ಮತ್ತೆ ಪೂರ್ತಿ ಓಡಿಸಲು ಇದೇ ಸುಲಭದ್ದು, ಏಕೆಂದರೆ ಇದರ ನಾಣ್ಯದ ಆಟಕ್ಕೆ ಎಕ್ಸ್‌ಚೇಂಜಿನಿಂದ ವಿಶೇಷ ವೋಲ್ಟೇಜ್ ಬೇಕಿಲ್ಲ. ಬೇಕಾಗುವುದು 9.4 ಗ್ರಾಂ ತೂಕದ ಹಳೇ ಬ್ರಿಟಿಷ್ ಪೆನ್ನಿಗಳು ಮಾತ್ರ. ನಮ್ಮ ರೂಪಾಯಿ ಇಲ್ಲಿ ನಡೆಯುವುದಿಲ್ಲ.

ಮೂರನೆಯದು ನಮ್ಮದೇ ಅಂಗಡಿ, ರೈಲ್ವೆ ನಿಲ್ದಾಣ, ಇರಾನಿ ಹೋಟೆಲುಗಳ ಗಲ್ಲಾ ಪಕ್ಕ ಕೂರುತ್ತಿದ್ದ ಒಂದು ರೂಪಾಯಿಯ ಪೆಟ್ಟಿಗೆ. ಇವುಗಳಲ್ಲಿ ಹೆಚ್ಚಿನವು ಒತ್ತುವ ಗುಂಡಿಯವು, ಡಯಲಿನವು ಅಪರೂಪ. ಇಲ್ಲಿ ಒಂದು ತೊಡಕಿದೆ. 1992ರಿಂದ ಬಂದ ಸ್ಟೀಲ್ ರೂಪಾಯಿ 25 ಮಿಲಿಮೀಟರ್ ಅಗಲ, 4.85 ಗ್ರಾಂ ತೂಕ. 2011ರ ನಂತರದ್ದು 22 ಮಿಲಿಮೀಟರಿಗೂ ತುಸು ಕಡಿಮೆ, ತೂಕ 3.79 ಗ್ರಾಂ. ದೊಡ್ಡ ನಾಣ್ಯಕ್ಕೆ ಹೊಂದಿಸಿದ ಪೆಟ್ಟಿಗೆ ಚಿಕ್ಕದನ್ನು ಖೋಟಾ ಎಂದು ಉಗುಳಿದರೆ ಅದರ ತಪ್ಪಲ್ಲ. ದೇವರ ಮನೆಯ ಹುಂಡಿಯಲ್ಲಿ ಹಳೇ ರೂಪಾಯಿ ಹುಡುಕಿ ನಾಲ್ಕಾರು ತೆಗೆದಿಟ್ಟುಕೊಳ್ಳುವುದೇ ದಾರಿ.

ನಾಣ್ಯದ ಪೆಟ್ಟಿಗೆಯೇ ಇಲ್ಲದ, ಮೇಜಿನ ಮೇಲಿಡುವ ಕಪ್ಪು ಡಯಲ್ ಫೋನ್ ಸಿಕ್ಕರೆ ಅದರ ಅಡಿಯನ್ನೊಮ್ಮೆ ನೋಡಬೇಕು. ಐಟಿಐ ಎಂದಿದ್ದರೆ ಅದು ಬೆಂಗಳೂರಿನ ದೂರವಾಣಿನಗರದ ಕೂಸು. 1948ರಲ್ಲಿ ಶುರುವಾದ ಈ ಕಾರ್ಖಾನೆ ಲಿವರ್‌ಪೂಲಿನ ಆಟೊಮ್ಯಾಟಿಕ್ ಟೆಲಿಫೋನ್ ಆ್ಯಂಡ್ ಎಲೆಕ್ಟ್ರಿಕ್ ಕಂಪನಿಯ ತಂತ್ರಜ್ಞಾನದಿಂದ ಕೆಲಸ ಆರಂಭಿಸಿತು. ಹಾಗಾಗಿ ಆ ಕಾಲದ ಬ್ರಿಟಿಷ್ ಫೋನುಗಳ ಕುರಿತು ಸಿಗುವ ಮಾಹಿತಿ ಹಳೇ ಐಟಿಐ ಫೋನನ್ನು ಅರ್ಥ ಮಾಡಿಕೊಳ್ಳಲೂ ನೆರವಾಗುತ್ತದೆ.

ಇನ್ನು ಆಂಟಿಕ್ ಲುಕ್ ಎಂದು ಮಾರುವ ಹಿತ್ತಾಳೆ ಬಣ್ಣದ ಹೊಸ ಫೋನುಗಳು. ಡಯಲ್ ಆಕಾರದಲ್ಲಿ ಗುಂಡಿಗಳನ್ನು ಜೋಡಿಸಿರುತ್ತಾರೆ, ತಿರುಗುವುದಿಲ್ಲ. ಅಲಂಕಾರಕ್ಕೆ ಚೆಂದ, ಬೇಡವೆನ್ನಲಾಗದು. ಆದರೆ ಹಳೆಯದರ ಬೆಲೆ ಕೊಡಬಾರದು. ವಿದೇಶದಿಂದ ಬಂದ ಡಯಲ್ ಕೂಡ ಪರೀಕ್ಷಿಸಿಯೇ ಕೊಳ್ಳಬೇಕು. ನ್ಯೂಜಿಲೆಂಡಿನ ಡಯಲಿನಲ್ಲಿ ಅಂಕಿಗಳು ಉಲ್ಟಾ, 1 ತಿರುಗಿಸಿದರೆ ಒಂಬತ್ತು ಪಲ್ಸ್ ಹೋಗುತ್ತದೆ. ಸ್ವೀಡನ್ನಿನದರಲ್ಲಿ 0 ಎಂದರೆ ಒಂದು ಪಲ್ಸ್, 1 ಎಂದರೆ ಎರಡು. ಇಂಥ ಫೋನಿನಿಂದ ಹೋಗುವ ಕರೆಗಳೆಲ್ಲ ರಾಂಗ್ ನಂಬರೇ.

ಬೀಗ ಮುರಿಯುವ ಮುನ್ನ

ಕಾಯಿನ್ ಫೋನುಗಳು ಕಳ್ಳರಿಗೆ ಜಗ್ಗದಂತೆ ಮಾಡಿದವು. ಅಮೆರಿಕದ ಮಾದರಿಯಲ್ಲಿ ಮೇಲ್ಭಾಗಕ್ಕೊಂದು ಬೀಗ, ಹಣದ ತಿಜೋರಿಗೆ ಇನ್ನೊಂದು. ರಿಪೇರಿಗೆ ಬಂದವನಿಗೆ ದುಡ್ಡು ಸಿಗಬಾರದು, ದುಡ್ಡು ಒಯ್ಯುವವನಿಗೆ ಯಂತ್ರ ಸಿಗಬಾರದು ಎಂಬ ಎಚ್ಚರಿಕೆ. ಎರಡೂ ಕೀಲಿ ಇಲ್ಲದೆ ಸಿಕ್ಕುವ ಫೋನುಗಳೇ ಜಾಸ್ತಿ. ಡ್ರಿಲ್ ಹಿಡಿದು ಕೂತರೆ ಬೀಗದ ಜೊತೆ ಪೆಟ್ಟಿಗೆಯ ಮುಖವೂ ಹೋಗುತ್ತದೆ, ಬೆಲೆಯೂ ಇಳಿಯುತ್ತದೆ. ತಿಳಿದ ಬೀಗದವನನ್ನು ಕರೆಸಿ ಕೀಲಿ ಮಾಡಿಸುವ ಖರ್ಚನ್ನು ಚೌಕಾಸಿಯ ಹೊತ್ತಿನಲ್ಲೇ ಲೆಕ್ಕಕ್ಕೆ ಹಿಡಿಯುವುದು ಜಾಣತನ.

ಮುಚ್ಚಳ ತೆರೆದ ಕೂಡಲೇ ಮಾಡಬೇಕಾದ ಮೊದಲ ಕೆಲಸ ಫೋಟೊ ತೆಗೆಯುವುದು. ಪ್ರತಿ ತಂತಿ ಯಾವ ಸ್ಕ್ರೂವಿಗೆ ಹೋಗಿದೆ ಎಂಬುದು ಕಾಣುವ ಹಾಗೆ ನಾಲ್ಕು ಕಡೆಯಿಂದ. ಹತ್ತು ತಂತಿ ಬಿಚ್ಚಿದ ಮೇಲೆ ನೆನಪು ಕೈಕೊಡುತ್ತದೆ, ಬಟ್ಟೆ ಸುತ್ತಿದ ಹಳೇ ತಂತಿಗಳ ಬಣ್ಣವೂ ಮಾಸಿ ಎಲ್ಲವೂ ಕಂದಾಗಿ ಕಾಣುತ್ತವೆ.

ಹೊರಮೈಯನ್ನು ಒಣ ಮರಳುಕಾಗದದಿಂದ ಉಜ್ಜುವ ಆಸೆ ಬೇಡ. ಹಳೇ ಬಣ್ಣದಲ್ಲಿ ಸೀಸ ಇರಬಹುದು. ಕೆಲವು ಕಾಲದ ಬೇಕಲೈಟ್‌ನಲ್ಲಿ ಕಲ್ನಾರು ಬೆರೆಸಿದ್ದುಂಟು, ಅದರ ಧೂಳು ಉಸಿರಿನೊಳಗೆ ಹೋಗುವುದು ಅಪಾಯ. ಬೇಕಲೈಟನ್ನು ನೀರಿನಲ್ಲಿ ನೆನೆಹಾಕಲೂಬಾರದು. ಒದ್ದೆ ಬಟ್ಟೆಯಲ್ಲಿ ಸ್ವಲ್ಪ ಸೌಮ್ಯ ಸೋಪಿನಿಂದ ಒರೆಸಿ, ಒಣಗಿಸಿ, ತೆಳುವಾಗಿ ಪಾಲಿಶ್ ಹಚ್ಚಿದರೆ ಕಪ್ಪು ಹೊಳಪು ತಾನಾಗಿ ಬರುತ್ತದೆ. ಮಕ್ಕಳಿರುವ ಮನೆಯಲ್ಲಿ ಈ ಕೆಲಸ ಅಡುಗೆಮನೆಯ ಮೇಜಿನ ಮೇಲೆ ನಡೆಯದಿರಲಿ.

ಡಯಲ್ ನಿಧಾನವಾಗಿ ಬಂದರೆ ಹಲವರು ಮೊದಲು ಸುರಿಯುವುದು ಮನೆಯಲ್ಲಿರುವ ಎಣ್ಣೆ. ಕೊಬ್ಬರಿ ಎಣ್ಣೆಯಾದರೆ ಎರಡು ದಿನ ಚೆನ್ನಾಗಿ ತಿರುಗಿ, ಮುಂದಿನ ಚಳಿಗಾಲದಲ್ಲಿ ಗಟ್ಟಿಯಾಗಿ ನಿಲ್ಲುತ್ತದೆ. ಗಡಿಯಾರದ ಎಣ್ಣೆಯನ್ನು ಸೂಜಿಯ ಮೊನೆಯಲ್ಲಿ ಅದ್ದಿ ಗವರ್ನರಿನ ತುದಿಗಳಿಗೆ ಮಾತ್ರ ಮುಟ್ಟಿಸಬೇಕು. ಕಾಂಟ್ಯಾಕ್ಟುಗಳಿಗೆ ಎಣ್ಣೆ ತಾಗಲೇಬಾರದು. ಅವನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಕಾಗದದ ಪಟ್ಟಿಯನ್ನು ನಡುವೆ ಇಟ್ಟು ಮೆಲ್ಲಗೆ ಎಳೆದು ಒರೆಸಿದರೆ ಸಾಕು. ರಿಸೀವರ್ ಇಡುವ ಕೊಕ್ಕೆಯ ಕಾಂಟ್ಯಾಕ್ಟುಗಳಿಗೂ ಇದೇ ಉಪಚಾರ. ಫೋನ್ ಕೆಲಸ ಮಾಡುತ್ತಿಲ್ಲ ಎಂಬ ದೂರುಗಳಲ್ಲಿ ಬಹಳಷ್ಟು ಇಲ್ಲೇ ಮುಗಿಯುತ್ತವೆ.

ವೇಗ ಸರಿಯಿದೆಯೇ ಎಂದು ನೋಡಲು ಉಪಕರಣ ಬೇಡ. ಡಯಲ್ ಪಕ್ಕ ಮೊಬೈಲ್ ಇಟ್ಟು ಸದ್ದು ರೆಕಾರ್ಡ್ ಮಾಡುತ್ತಾ 0 ತಿರುಗಿಸಬೇಕು. ರೆಕಾರ್ಡಿಂಗಿನ ಅಲೆಯ ಚಿತ್ರದಲ್ಲಿ ಹತ್ತು ಮುಳ್ಳುಗಳು ಸುಮಾರು ಒಂದು ಸೆಕೆಂಡಿನೊಳಗೆ ಸಮಾನ ಅಂತರದಲ್ಲಿ ಕಂಡರೆ ಡಯಲ್ ಆರೋಗ್ಯವಾಗಿದೆ ಎಂದರ್ಥ.

ಮೈಕಿನ ವಿಷಯಕ್ಕೆ ಬಂದರೆ, ಹಳೇ ಫೋನುಗಳದ್ದು ಕಾರ್ಬನ್ ಮೈಕ್. ಒಳಗಿನ ಇದ್ದಿಲ ಕಾಳುಗಳು ತೇವಕ್ಕೆ ಅಂಟಿಕೊಂಡರೆ ದನಿ ಕ್ಷೀಣಿಸುತ್ತದೆ. ಮುಂಬೈ, ಚೆನ್ನೈಯ ಸಮುದ್ರದ ಗಾಳಿಯಲ್ಲಿ ಇದು ಸಾಮಾನ್ಯ. ರಿಸೀವರಿನ ಬಾಯಿಭಾಗವನ್ನು ಅಂಗೈಗೆ ಎರಡು ಸಲ ತಟ್ಟಿದರೆ ಕಾಳುಗಳು ಸಡಿಲವಾಗಿ ಮಾತು ಮರಳುತ್ತದೆ. ಹಳೇ ಕಾಲದವರು ಫೋನನ್ನು ತಟ್ಟಿ ಮಾತಾಡುತ್ತಿದ್ದುದು ಸುಮ್ಮನೆ ಅಲ್ಲ. ತಟ್ಟಿದರೂ ಸರಿಯಾಗದಿದ್ದರೆ ಅದೇ ಅಳತೆಯ ಹೊಸ ಮೈಕ್ ಕ್ಯಾಪ್ಸೂಲ್ ಹಾಕಿ, ಹಳೆಯದನ್ನು ಜೋಪಾನವಾಗಿ ತೆಗೆದಿಡಬಹುದು.

ತಂತಿ ಜೋಡಿಸುವುದು

ಭಾರತದ ಲ್ಯಾಂಡ್‌ಲೈನಿಗೆ ಬೇಕಾದ್ದು ಎರಡೇ ತಂತಿ. ಈಗಿನ ಪ್ಲಾಸ್ಟಿಕ್ ಪ್ಲಗ್ಗಿನಲ್ಲಿ ನಡುವಿನ ಎರಡು. ತಿರುಗಿಸುವ ಡಯಲಿಗೆ ಯಾವುದು ಧನ, ಯಾವುದು ಋಣ ಎಂಬ ಭೇದವಿಲ್ಲ, ಅದಲು ಬದಲಾದರೂ ನಡೆಯುತ್ತದೆ.

ಗಂಟೆಯ ವಿಚಾರ ಹಾಗಲ್ಲ. ರಿಂಗ್ ಬರುವಾಗ ಲೈನಿನಲ್ಲಿ 75ರಿಂದ 90 ವೋಲ್ಟಿನಷ್ಟು ಎಸಿ ಬರುತ್ತದೆ. ಸುಮ್ಮನಿದ್ದಾಗ ಇರುವ 48 ವೋಲ್ಟ್ ಡಿಸಿ ಗಂಟೆಯ ಸುರುಳಿಯೊಳಗೆ ಹರಿಯದಂತೆ ಒಂದು ಕೆಪಾಸಿಟರ್ ತಡೆಯುತ್ತದೆ. ಐವತ್ತು ವರ್ಷದ ಕೆಪಾಸಿಟರ್ ಸೋರತೊಡಗಿದ್ದರೆ ರಿಸೀವರ್ ಎತ್ತದೆಯೇ ಲೈನ್ ಬಿಜಿ ಎನಿಸಬಹುದು. ಸುಮಾರು 2 ಮೈಕ್ರೊಫ್ಯಾರಡಿನ, ಕನಿಷ್ಠ 250 ವೋಲ್ಟ್ ತಾಳುವ ಪಾಲಿಯೆಸ್ಟರ್ ಕೆಪಾಸಿಟರ್ ಹಾಕಿದರೆ ಸರಿಹೋಗುತ್ತದೆ. ಮುಂಬೈಯ ಲ್ಯಾಮಿಂಗ್ಟನ್ ರೋಡ್, ಚೆನ್ನೈಯ ರಿಚಿ ಸ್ಟ್ರೀಟ್, ಪುಣೆಯ ಬುಧವಾರ ಪೇಠೆ, ದೆಹಲಿಯ ಲಜಪತ್ ರಾಯ್ ಮಾರ್ಕೆಟ್ಟಿನಂಥ ಕಡೆ ಇದು ದುಬಾರಿಯ ಸಾಮಾನಲ್ಲ. ಕೆಲಸ ಮಾಡುವಾಗ ಲೈನನ್ನು ಕಿತ್ತಿಡಬೇಕು. ಬರಿಗೈಯಲ್ಲಿ ತಂತಿ ಹಿಡಿದಿರುವಾಗಲೇ ಯಾರಾದರೂ ಕರೆ ಮಾಡಿದರೆ ಬಲವಾದ ಶಾಕ್ ಹೊಡೆಯುತ್ತದೆ.

ಬ್ರಿಟನ್ನಿನಿಂದ ಬಂದ ಫೋನಿನ ಗಂಟೆ ಇಲ್ಲಿ ಮೂಕವಾಗಿದ್ದರೆ ಕಾರಣ ಹೀಗಿರಬಹುದು: 1980ರ ದಶಕದಲ್ಲಿ ಅಲ್ಲಿ ಪ್ಲಗ್ ವ್ಯವಸ್ಥೆಗೆ ಬದಲಾಯಿಸಿದ ಫೋನುಗಳು ಗೋಡೆಯ ಸಾಕೆಟ್ಟಿನ ಕೆಪಾಸಿಟರನ್ನೇ ನಂಬಿ, ಮೂರನೇ ತಂತಿಯಿಂದ ಗಂಟೆ ಹೊಡೆಯುತ್ತವೆ. ಒಳಗಿನ ಪಟ್ಟಿಯ ಜೋಡಣೆಯನ್ನು ಹಳೇ ಕ್ರಮಕ್ಕೆ ತಂದರೆ ಎರಡೇ ತಂತಿಯಲ್ಲಿ ಮೊಳಗುತ್ತದೆ. ಅಮೆರಿಕದ ಮೂರು ಕಿಂಡಿಯ ಹಲವು ಮಾದರಿಗಳಲ್ಲಿ ಗಂಟೆಯೂ ಇಲ್ಲ, ಮಾತಿನ ಸರ್ಕ್ಯೂಟೂ ಇಲ್ಲ. ಅವೆರಡೂ ಗೋಡೆಯ ಮೇಲಿನ ಬೇರೊಂದು ಡಬ್ಬಿಯಲ್ಲಿ ಇರುತ್ತಿದ್ದವು. ಫೋನ್ ಮಾತ್ರ ಕೊಂಡವರು ಆ ಡಬ್ಬಿಯನ್ನೂ ಹುಡುಕಬೇಕು, ಇಲ್ಲವೇ ಕೆಟ್ಟ ಮೇಜಿನ ಫೋನೊಂದರ ಒಳಭಾಗ ಬಳಸಿಕೊಳ್ಳಬೇಕು. ನಾಣ್ಯದ ರಿಲೇಗೆ ಬೇಕಾದ 130 ವೋಲ್ಟನ್ನು ಮನೆಯ ಯಾವ ಲೈನೂ ಕೊಡುವುದಿಲ್ಲ. ಹಾಗಾಗಿ ಹಾಕಿದ ನಾಣ್ಯ ನಡುವಿನ ಬಟ್ಟಲಲ್ಲೇ ಸಿಕ್ಕಿಕೊಳ್ಳುತ್ತದೆ. ಬಟ್ಟಲಿನ ಬಾಗಿಲನ್ನು ವಾಪಸು ಕೊಡುವ ದಿಕ್ಕಿಗೆ ನಿಲ್ಲಿಸಿಟ್ಟರೆ ಟಿಂಗ್ ಸದ್ದೂ ಬರುತ್ತದೆ, ಮಕ್ಕಳ ದುಡ್ಡೂ ವಾಪಸು ಬರುತ್ತದೆ.

ಫೈಬರ್ ಲೈನಿನ ತಕರಾರು

ಈಗ ಮೊದಲಿನ ಪ್ರಶ್ನೆಗೆ. ಹಳೇ ತಾಮ್ರದ ಲೈನಿದ್ದ ಮನೆಗಳಲ್ಲಿ ಎಕ್ಸ್‌ಚೇಂಜ್ ಪಲ್ಸ್ ಎಣಿಸುತ್ತಿತ್ತು. ಫೈಬರ್ ಬಂದ ಮನೆಯಲ್ಲಿ ಎಕ್ಸ್‌ಚೇಂಜಿನ ಆ ಕೆಲಸವನ್ನು ಗೋಡೆಯ ಮೇಲಿನ ಮೋಡೆಮ್ ಮಾಡಬೇಕು. ಕೆಲವು ಮೋಡೆಮುಗಳಿಗೆ ಪಲ್ಸ್ ಅರ್ಥವಾಗುತ್ತದೆ, ಇನ್ನು ಕೆಲವಕ್ಕೆ ಗುಂಡಿ ಒತ್ತಿದಾಗ ಬರುವ ಟೋನ್ ಮಾತ್ರ ಗೊತ್ತು.

ಇದನ್ನು ಫೋನ್ ಕೊಳ್ಳುವ ಮೊದಲೇ ಪರೀಕ್ಷಿಸಬಹುದು. ಹಲವು ಹಳೇ ಗುಂಡಿ ಫೋನುಗಳ ಅಡಿಯಲ್ಲೋ ಪಕ್ಕದಲ್ಲೋ ಪಿ ಮತ್ತು ಟಿ ಎಂಬ ಸಣ್ಣ ಸ್ವಿಚ್ ಇರುತ್ತದೆ. ಅದನ್ನು ಪಿ ಕಡೆಗೆ ತಳ್ಳಿ, ಮೋಡೆಮಿಗೆ ಸಿಕ್ಕಿಸಿ ಒಂದು ನಂಬರ್ ಒತ್ತಬೇಕು. ಮೊದಲ ಅಂಕಿಗೇ ಡಯಲ್ ಟೋನ್ ನಿಂತು ಕರೆ ಹೋದರೆ ತಿರುಗಿಸುವ ಡಯಲ್ ಕೂಡ ಕೆಲಸ ಮಾಡುವ ಸಾಧ್ಯತೆ ಹೆಚ್ಚು. ಟೋನ್ ನಿಲ್ಲದಿದ್ದರೆ ಆ ಮೋಡೆಮಿಗೆ ಪಲ್ಸ್ ಗೊತ್ತಿಲ್ಲ. ಐದು ನಿಮಿಷದ ಈ ಪರೀಕ್ಷೆ ಎಷ್ಟೋ ಫೋನುಗಳನ್ನು ಸ್ಕ್ರೂಡ್ರೈವರಿನಿಂದ ಕಾಪಾಡೀತು.

ಗೊತ್ತಿಲ್ಲದಿದ್ದರೆ ಪಲ್ಸನ್ನು ಟೋನ್ ಆಗಿ ಬದಲಾಯಿಸುವ ಪುಟ್ಟ ಸರ್ಕ್ಯೂಟನ್ನು ನಡುವೆ ಹಾಕಬಹುದು. ಫೋನಿನೊಳಗೆ ಏನನ್ನೂ ಕತ್ತರಿಸದೆ ಹೊರಗೇ ಇಡುವ ಡಬ್ಬಿಯಾದರೆ ಒಳ್ಳೆಯದು. ಇಂಟರ್ನೆಟ್ ಕರೆಗೆ ಬಳಸುವ ಅಡಾಪ್ಟರುಗಳಲ್ಲಿ ಗ್ರ್ಯಾಂಡ್‌ಸ್ಟ್ರೀಮ್ ಎಚ್‌ಟಿ801ನಂಥವುಗಳಲ್ಲಿ ಪಲ್ಸ್ ಡಯಲಿಂಗ್ ಆನ್ ಮಾಡುವ ಆಯ್ಕೆ ಇದೆ. ಅಂಕಿ ಅಂಕಿಗಳ ನಡುವೆ ಅದು ಕಾಯುವ ಸಮಯವನ್ನು ಹೆಚ್ಚಿಸದಿದ್ದರೆ ಅರ್ಧ ನಂಬರಿಗೇ ಕರೆ ಹೊರಟುಬಿಡುತ್ತದೆ. ಮೊಬೈಲಿಗೆ ಬ್ಲೂಟೂತ್ ಮೂಲಕ ಜೋಡಿಸುವ ಗೇಟ್‌ವೇ ಇನ್ನೊಂದು ದಾರಿ. ಮೊಬೈಲಿಗೆ ಬಂದ ಕರೆಗೆ ಹಳೇ ಫೋನು ಟ್ರಿಣ್ ಟ್ರಿಣ್ ಎನ್ನುತ್ತದೆ. ಪಲ್ಸ್ ಓದುವ ಮಾದರಿಯೇ ಎಂದು ಕೇಳಿಯೇ ಕೊಳ್ಳಬೇಕು. ಯಾವ ಅಡಾಪ್ಟರನ್ನಾದರೂ ಜೀವಂತ ತಾಮ್ರದ ಲೈನಿಗೆ ಜೋಡಿಸಬಾರದು, ಎರಡೂ ಕಡೆಯಿಂದ ವಿದ್ಯುತ್ ಬಂದು ಅಡಾಪ್ಟರ್ ಸುಡುತ್ತದೆ. ಹಳೇ ಗಂಟೆಗಳು ಈಗಿನ ಫೋನಿಗಿಂತ ಹೆಚ್ಚು ಶಕ್ತಿ ಕೇಳುತ್ತವೆ, ಒಂದೇ ಪೋರ್ಟಿಗೆ ಎರಡು ಮೂರು ಸಿಕ್ಕಿಸಿದರೆ ಎಲ್ಲವೂ ಗೊಣಗುತ್ತವೆಯೇ ಹೊರತು ಹೊಡೆಯುವುದಿಲ್ಲ.

ಏನೂ ಬೇಡವೆಂದರೆ ಕರೆ ಸ್ವೀಕರಿಸಲು ಮಾತ್ರ ಇಟ್ಟುಕೊಳ್ಳಬಹುದು. ಅದಕ್ಕೆ ಡಯಲಿನ ಹಂಗೇ ಇಲ್ಲ. ಮನೆಯಲ್ಲಿ ವಯಸ್ಸಾದವರಿದ್ದು, ಮೊಬೈಲಿನ ಹಸಿರು ಗುಂಡಿ ಎಳೆಯಲು ಪರದಾಡುವವರಾದರೆ, ಎತ್ತಿದ ಕೂಡಲೇ ಮಾತಾಡಬಹುದಾದ ಭಾರದ ರಿಸೀವರ್ ಅವರಿಗೆ ನಿಜಕ್ಕೂ ಅನುಕೂಲ. ಗಂಟೆಯೂ ಅಡುಗೆಮನೆಯವರೆಗೆ ಕೇಳುತ್ತದೆ.

ಆದರೆ ಮನೆಯ ಏಕೈಕ ಫೋನಾಗಿ ಇದನ್ನು ನಂಬುವುದು ಸರಿಯಲ್ಲ. ಬ್ಯಾಂಕಿನವರು ಕನ್ನಡಕ್ಕಾಗಿ ಇಂಥ ಗುಂಡಿ ಒತ್ತಿ ಎಂದರೆ ಪಲ್ಸ್ ಡಯಲ್ ಅದನ್ನು ತಿಳಿಸಲಾರದು, ಸ್ಟಾರ್ ಮತ್ತು ಹ್ಯಾಶ್ ಅದರಲ್ಲಿ ಇಲ್ಲವೇ ಇಲ್ಲ. ತಾಮ್ರದ ಲೈನಿಗೆ ಎಕ್ಸ್‌ಚೇಂಜಿನ ಬ್ಯಾಟರಿ ವಿದ್ಯುತ್ ಕೊಡುತ್ತಿತ್ತು, ಕರೆಂಟ್ ಹೋದರೂ ಮಾತು ನಿಲ್ಲುತ್ತಿರಲಿಲ್ಲ. ಫೈಬರ್ ಮೋಡೆಮ್ ಕರೆಂಟ್ ಹೋದೊಡನೆ ಸಾಯುತ್ತದೆ, ಅದರೊಂದಿಗೆ ಹಳೇ ಫೋನೂ. ರಾತ್ರಿ 112ಕ್ಕೆ ಕರೆ ಮಾಡಬೇಕಾದ ಮನೆಯಲ್ಲಿ ಮೋಡೆಮಿಗೊಂದು ಸಣ್ಣ ಯುಪಿಎಸ್, ಹಾಸಿಗೆಯ ಪಕ್ಕ ಚಾರ್ಜ್ ಆದ ಮೊಬೈಲ್ ಇರಲೇಬೇಕು. ಜೋಡಣೆ ಮುಗಿದ ಮೇಲೆ ಪರಿಚಿತರೊಬ್ಬರ ನಂಬರನ್ನು ಹತ್ತು ಸಲ ತಿರುಗಿಸಿ ನೋಡಬೇಕು. ಒಂದೆರಡು ಸಲ ಬೇರೆ ಮನೆಗೆ ಹೋದರೆ ಡಯಲಿನ ವೇಗಕ್ಕೆ ಮತ್ತೆ ಕೈ ಹಾಕಬೇಕು.

ತೆಗೆದ ಹಳೇ ಕೆಪಾಸಿಟರ್, ಮೈಕು, ಸ್ಕ್ರೂಗಳನ್ನು ಎಸೆಯಬಾರದು. ಒಂದು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಯಾವ ತಂತಿಯನ್ನು ಎಲ್ಲಿಂದ ಎಲ್ಲಿಗೆ ಬದಲಾಯಿಸಿದ್ದೆಂದು ಒಂದು ಚೀಟಿಯಲ್ಲಿ ಬರೆದು, ಮೊದಲು ತೆಗೆದ ಫೋಟೊದ ಪ್ರಿಂಟ್ ಜೊತೆಗಿಟ್ಟರೆ ಮುಂದೆ ಯಾರಾದರೂ ಬಿಚ್ಚಿದಾಗ ಎಲ್ಲವೂ ಕೈಗೆ ಸಿಗುತ್ತದೆ. ಇಡಲು ಜಾಗ ಹುಡುಕಬೇಕಿಲ್ಲ, ನಾಣ್ಯದ ತಿಜೋರಿ ಹೇಗೂ ಖಾಲಿಯೇ ಇರುತ್ತದೆ.